ಡಿಸ್ಪೋಸಲ್ ಜಿಪ್ಸಿ: ಎಡ ಮುಂಚಕ್ರದ ನಕಲ್ ಸೋರಿಕೆ, ಸೀಲ್ ಹಾಕಿದರೂ ನಿಲ್ಲುತ್ತಿಲ್ಲ

ತೋಟದ_ಜಿಪ್ಸಿ:
ನಮಸ್ಕಾರ, ಮೂಡಿಗೆರೆ ಕಡೆಯವನು. ಆರ್ಮಿ ಹರಾಜಿನ ಮಾರುತಿ ಜಿಪ್ಸಿ ಎಂಜಿ413ಡಬ್ಲ್ಯೂ, ಸಾಫ್ಟ್ ಟಾಪ್. ಎಡಗಡೆ ಮುಂದಿನ ಚಕ್ರದ ಒಳಮೈ ತುಂಬಾ ಎಣ್ಣೆ. ನಕಲ್ (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು) ಸೀಲ್, ಫೆಲ್ಟ್ ಎರಡೂ ಹೊಸದು ಹಾಕಿಸಿದ್ದೆ, ತಿಂಗಳು ತುಂಬುವ ಮೊದಲೇ ಮತ್ತೆ ಶುರು. ಬ್ರೇಕ್ ಹಿಡಿದರೆ ಗಾಡಿ ಬಲಕ್ಕೆ ಎಳೆಯುತ್ತೆ. ತೋಟದ ದಾರಿಯಲ್ಲಿ ದಿನಾ ಹಳ್ಳ ದಾಟಬೇಕು. ಮೆಕ್ಯಾನಿಕ್ ಇಡೀ ನಕಲ್ ಬದಲಿಸಬೇಕು ಅಂತಾರೆ. ನಿಜವಾ?

ಸ್ಪ್ಯಾನರ್_ಶೆಟ್ರು:
ಸೀಲ್ ಲೋಕಲ್ ಇರಬಹುದು. ನಕಲ್ ಗೋಳದ ಮೇಲೆ ಬೆರಳಾಡಿಸಿ ನೋಡಿ, ತುಕ್ಕಿನ ಗುಳಿ ಇದ್ದರೆ ಒರಿಜಿನಲ್ ಸೀಲೂ ಬಾಳಿಕೆ ಬರಲ್ಲ.

ಮಾಜಿ_ಇಎಂಇ:
ಮೊದಲು ಬ್ರೇಕ್ ವಿಷಯ. ಎಡಗಡೆ ಪ್ಯಾಡ್ ಎಣ್ಣೆ ಕುಡಿದಿದೆ, ಅದಕ್ಕೇ ಬಲಕ್ಕೆ ಎಳೆಯೋದು. ತೊಳೆದರೆ ಸರಿಹೋಗಲ್ಲ. ಸೋರಿಕೆ ನಿಂತ ಮೇಲೆ ಡಿಸ್ಕ್ ಚೆನ್ನಾಗಿ ಒರೆಸಿ, ಎರಡೂ ಚಕ್ರಕ್ಕೆ ಹೊಸ ಪ್ಯಾಡ್ ಹಾಕಿ. ಅಲ್ಲಿವರೆಗೆ ಘಾಟಿ ಇಳಿಸುವ ಸಾಹಸ ಬೇಡ.

ಈಗ ಸೋರಿದ್ದನ್ನು ಬೆರಳಲ್ಲಿ ಉಜ್ಜಿ, ಮೂಸಿ. ಮಂದವಾಗಿ ಕಪ್ಪಗಿದ್ದರೆ ಗ್ರೀಸ್, ಶೆಟ್ರು ಹೇಳಿದ್ದೇ ಸರಿ. ತೆಳ್ಳಗಿದ್ದು ಗಂಧಕದ ಘಾಟು ಹೊಡೆದರೆ ಡಿಫರೆನ್ಷಿಯಲ್‌ನ (ಆಕ್ಸಲ್ ನಡುವಿನ ಗೇರ್ ಗುಂಪು) ಗೇರ್ ಆಯಿಲ್. ಅದಕ್ಕೆ ನಕಲ್ ಒಳಗೆ ಏನೂ ಕೆಲಸ ಇಲ್ಲ. ಆಕ್ಸಲ್ ಕೊಳವೆಯೊಳಗೆ ಇನ್ನೊಂದು ಸೀಲ್ ಇದೆ. ಅದು ಕೈಕೊಟ್ಟಾಗ ಎಣ್ಣೆ ನಕಲ್‌ಗೆ ನುಗ್ಗಿ, ಗ್ರೀಸನ್ನು ತಿಳಿಯಾಗಿಸಿ, ಅದನ್ನೂ ಕಟ್ಟಿಕೊಂಡು ಹೊರಗೆ ಬರುತ್ತೆ. ಹೊರಗಿನ ಸೀಲ್ ಎಷ್ಟು ಸಲ ಬದಲಿಸಿದರೂ ಕಥೆ ಅಷ್ಟೇ.

ಆಕ್ಸಲ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಆಡುವ ತೂತು) ನೋಡಿದ್ದೀರಾ? ಅದು ಕಟ್ಟಿದರೆ ಆಕ್ಸಲ್, ವಿಶಲ್ ಕಟ್ಟಿದ ಕುಕ್ಕರ್ ಇದ್ದಂತೆ. ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಸೀಲಿನ ಸಂದಿಯಿಂದ ತಳ್ಳುತ್ತೆ. ಬಿಸಿ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದರೆ ಇದರ ಉಲ್ಟಾ: ಗಾಳಿ ಕುಗ್ಗಿ, ಅದೇ ಸಂದಿಯಿಂದ ನೀರು ಒಳಗೆ. ಫಿಲ್ಲರ್ ಬೋಲ್ಟ್ ತೆಗೆದು ಎಣ್ಣೆಯ ಮಟ್ಟ, ಬಣ್ಣ ಎರಡೂ ಹೇಳಿ.

ತೋಟದ_ಜಿಪ್ಸಿ:
ಸಾರ್, ಘಾಟು ಹೌದು. ಫಿಲ್ಲರ್ ಬೋಲ್ಟ್ ಸಡಿಲಿಸುತ್ತಲೇ ಬುಸ್ ಅಂತು! ಬೆರಳು ಬಗ್ಗಿಸಿ ಹಾಕಿದರೂ ಎಣ್ಣೆ ಸಿಗಲಿಲ್ಲ. ಡ್ರೇನ್‌ನಿಂದ ಒಂಚೂರು ಇಳಿಸಿ ನೋಡಿದೆ, ಬೆಳ್ಳಗೆ ನೊರೆನೊರೆ. ಬ್ರೀದರ್ ಮುಚ್ಚಳದಡಿ ಕೆಮ್ಮಣ್ಣು ಕಲ್ಲಾಗಿತ್ತು, ಸೂಜಿಯೂ ಇಳಿಯಲಿಲ್ಲ.

ಮಾಜಿ_ಇಎಂಇ:
ಬೆಳ್ಳಗಿದೆ ಅಂದರೆ ಎಣ್ಣೆಗೆ ನೀರು ಸೇರಿದೆ. ಹಾಗಾದರೆ ನಕಲ್ ಬದಲಿಸುವ ಮಾತು ಬಿಡಿ. ಎಣ್ಣೆ ಪೂರ್ತಿ ಇಳಿಸಿ. ನಕಲ್ ಬಿಚ್ಚಿ ಶಾಫ್ಟ್ ಎಳೆದು ಒಳ ಸೀಲ್ ಬದಲಿಸಿ. ಅದು ಕೂರುವ ಜಾಗದಲ್ಲಿ ಶಾಫ್ಟ್ ಮೇಲೆ ಉಗುರಿಗೆ ಸಿಗುವ ಗೆರೆ ಇದ್ದರೆ ಹೊಸ ಸೀಲೂ ಉಳಿಯಲ್ಲ. ಶಾಫ್ಟ್ ತುದಿಯ ಬರ್ಫೀಲ್ಡ್ ಜಾಯಿಂಟ್ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮೋಲಿ ಗ್ರೀಸ್ ತುಂಬಿ. ನಕಲ್ ತಿರುಗುವ ಕಿಂಗ್‌ಪಿನ್‌ನ ಮೇಲಿನ ಶಿಮ್ (ತೆಳು ಲೋಹದ ಬಿಲ್ಲೆ), ಕೆಳಗಿನ ಶಿಮ್ ಬೇರೆಬೇರೆ ಕಟ್ಟಿಡಿ; ಕಲಸಿಬಿಟ್ಟರೆ ಬೇರಿಂಗ್ ಬಿಗಿತ ಕೆಟ್ಟು ಸ್ಟಿಯರಿಂಗ್ ನಡುಗೋಕೆ ಶುರು. ಆಮೇಲೆ ಡಿಫರೆನ್ಷಿಯಲ್‌ಗೆ ಜಿಎಲ್-5 ಹೈಪಾಯ್ಡ್ ಎಣ್ಣೆ, ಫಿಲ್ಲರ್ ತೂತಿನ ಕೆಳ ಅಂಚಿನವರೆಗೆ. ಉಳಿಯಿತು ಅಂತ ಅದನ್ನೇ ಗೇರ್‌ಬಾಕ್ಸ್‌ಗೆ ಸುರಿಯಬೇಡಿ.

ಹರಾಜು_ಪ್ರಿಯ:
ಆರ್ಮಿ ಗಾಡಿ ಅಂದ್ರೆ ಮೇಂಟೆನೆನ್ಸ್ ಪಕ್ಕಾ ಅಂತಾರಲ್ಲ? ಅಂದ ಹಾಗೆ, ಆ ಆಲಿವ್ ಹಸಿರು ಬಣ್ಣ ಹಾಗೇ ಬಿಟ್ಟಿದ್ದರೆ ಮೊದಲು ಬದಲಿಸಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಅದು ಸೇನೆಗೆ ಮಾತ್ರ.

ಮಾಜಿ_ಇಎಂಇ:
ಪಕ್ಕಾನೇ, ಯೂನಿಟ್‌ನಲ್ಲಿ ಇರೋವರೆಗೆ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಫಸ್ಟ್ ಪರೇಡ್, ದಾರಿಯಲ್ಲಿ ನಿಂತಾಗ ಹಾಲ್ಟ್ ಪರೇಡ್, ವಾಪಸ್ ಬಂದ ಮೇಲೆ ಲಾಸ್ಟ್ ಪರೇಡ್. ಹಾಲ್ಟ್‌ನಲ್ಲಿ ಡ್ರೈವರ್ ಟೀ ಕುಡಿಯೋಕೆ ಮೊದಲು ನಾಲ್ಕೂ ಹಬ್‌ಗೆ ಅಂಗೈ ಹಿಂಭಾಗ ತಾಗಿಸಿ ನೋಡ್ತಾನೆ, ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಬೇರಿಂಗೋ ಬ್ರೇಕೋ ಹಿಡಿದಿದೆ ಅಂತ. ಇದರ ಜೊತೆ ಟಾಸ್ಕ್ ಸಿಸ್ಟಮ್: ಒಂದು ದಿನ ಬ್ಯಾಟರಿ, ಒಂದು ದಿನ ಸ್ಪ್ರಿಂಗ್ ಮತ್ತು ಯು-ಬೋಲ್ಟ್, ಇನ್ನೊಂದು ದಿನ ಪ್ರೊಪೆಲ್ಲರ್ ಶಾಫ್ಟಿನ ಗ್ರೀಸ್ ನಿಪ್ಪಲ್. ಇದೆಲ್ಲ ಡ್ರೈವರ್‌ದೇ ಕೆಲಸ, ಇಎಂಇ (ಸೇನೆಯ ರಿಪೇರಿ ವಿಭಾಗ) ಬರೋದು ಆಮೇಲೆ. ನಾನೂ ಇಎಂಇಯವನೇ, ಆದರೂ ಹೇಳ್ತೀನಿ, ಗಾಡಿ ಉಳಿಸೋದು ಡ್ರೈವರ್.

ಹರಾಜಿಗೆ ಬಂದ ಗಾಡಿ ಯಾರ್ಡ್‌ನಲ್ಲಿ ಬಿಸಿಲು ಮಳೆಗೆ ನಿಂತಿರುತ್ತೆ. ಸೀಲ್ ಒಣಗುತ್ತೆ, ಬ್ರೇಕ್ ಎಣ್ಣೆ ತೇವ ಎಳೆದುಕೊಳ್ಳುತ್ತೆ, ಪೆಟ್ರೋಲ್ ಟ್ಯಾಂಕ್ ಒಳಗೆ ತುಕ್ಕು. ಮನೆಗೆ ತಂದ ತಕ್ಷಣ ಎಲ್ಲ ಎಣ್ಣೆ ಬದಲಿಸದೆ ಬರೀ ಪೇಂಟ್ ಮಾಡಿಸೋರೇ ಹೆಚ್ಚು.

ತೋಟದ_ಜಿಪ್ಸಿ:
ಪೇಂಟ್ ಬದಲಾಗಿದೆ, ಬಿಳಿ 😄 ಬ್ರೀದರ್‌ಗೆ ಪೈಪ್ ಹಾಕಿ ಮೇಲಕ್ಕೆ ತರಬಹುದಾ?

ಮಾಜಿ_ಇಎಂಇ:
ಧಾರಾಳವಾಗಿ. ಎಣ್ಣೆ ತಾಳುವ ರಬ್ಬರ್ ಹೋಸ್ ತಗೊಳ್ಳಿ, ಬಾನೆಟ್ ಒಳಗೆ ಫೈರ್‌ವಾಲ್‌ವರೆಗೆ ಎತ್ತಿ, ಬಾಯಿ ಕೆಳಮುಖ ಮಾಡಿ ಕಟ್ಟಿ. ಆಕ್ಸಲ್ ಮೇಲೆ ಕೆಳಗೆ ಆಡುತ್ತೆ, ಹೋಸ್ ಸಡಿಲ ಬಿಡಿ. ಹಿಂದಿನ ಆಕ್ಸಲ್‌ಗೂ ಇದೇ ಕೆಲಸ. ಅದರ ಎಣ್ಣೆಯ ಬಣ್ಣ ಇನ್ನೂ ನೋಡಿಲ್ಲ ಅಲ್ವಾ?