ಯುದ್ಧದ ನಡುವೆ ಹಂಫ್ರಿ ಡೇವಿ ಫ್ರಾನ್ಸಿಗೆ ಹೋಗಿದ್ದು ಹೇಗೆ?

ಪ್ರಶ್ನೆ:
1813ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೀತಾ ಇತ್ತು, ಅಲ್ವಾ? ಅದೇ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಡೇವಿ ತಮ್ಮ ಹೆಂಡತಿಯನ್ನೂ ಸಹಾಯಕನಾಗಿದ್ದ 22 ವರ್ಷದ ಮೈಕೆಲ್ ಫ್ಯಾರಡೆಯನ್ನೂ ಕರೆದುಕೊಂಡು ಪ್ಯಾರಿಸ್‌ಗೆ ಹೊರಟರು ಅಂತ ಓದಿದೆ. ಶತ್ರುದೇಶದೊಳಗೆ ಬಿಟ್ಟುಕೊಂಡಿದ್ದಾದರೂ ಹೇಗೆ? ಬರೀ ಊರು ನೋಡೋಕೆ ಹೋಗಿದ್ದರಾ?

ಉತ್ತರ 1:
ನೆಪೋಲಿಯನ್ನೇ ಅನುಮತಿ ಕೊಟ್ಟಿದ್ದ. ವಿದ್ಯುತ್ತಿಗೂ ರಾಸಾಯನಿಕ ಕ್ರಿಯೆಗೂ ಇರುವ ನಂಟಿನ ಬಗ್ಗೆ ಡೇವಿ ಮಾಡಿದ್ದ ಕೆಲಸಕ್ಕೆ ಫ್ರೆಂಚರು ಮೊದಲೇ ಬಹುಮಾನ ಕೊಟ್ಟು ಗೌರವಿಸಿದ್ದರು. ಆದರೂ ಇಂಗ್ಲೆಂಡಿನ ಪ್ಲಿಮತ್‌ನಿಂದ ಹಡಗಿನಲ್ಲಿ ಹೋಗಿ ಫ್ರಾನ್ಸಿನ ಮೊರ್ಲೇನಲ್ಲಿ ಇಳಿದಾಗ ಸಾಮಾನನ್ನೆಲ್ಲ ಜಾಲಾಡಿದರು. ಹಡಗಿಗೆ ಏರಿಸೋಕೆ ಅಂತ ಬಿಚ್ಚಿದ್ದ ಕುದುರೆಗಾಡಿಯನ್ನು ಅಲ್ಲಿ ಮತ್ತೆ ಜೋಡಿಸಬೇಕಾಯಿತು.

ಉತ್ತರ 2:
ಊರು ನೋಡೋಕೆ ಮಾತ್ರ ಖಂಡಿತ ಅಲ್ಲ. ಡೇವಿ ಒಂದು ಪೆಟ್ಟಿಗೆಯಲ್ಲಿ ಪುಟ್ಟ ಪ್ರಯೋಗಶಾಲೆಯನ್ನೇ ಹೊತ್ತು ತಿರುಗುತ್ತಿದ್ದರು. ಕಡಲಪಾಚಿಯ ಬೂದಿಯಿಂದ ಕೂರ್ತ್ವಾ ಎಂಬಾತ ತೆಗೆದಿದ್ದ ಒಂದು ವಸ್ತುವನ್ನು ಪ್ಯಾರಿಸ್‌ನಲ್ಲಿ ಫ್ರೆಂಚ್ ವಿಜ್ಞಾನಿ ಆಂಪಿಯರ್ ತಂದುಕೊಟ್ಟರು. ಬಿಸಿ ಮಾಡಿದರೆ ನೇರಳೆ ಬಣ್ಣದ ಹೊಗೆ! ಅದು ಹೊಸ ಮೂಲವಸ್ತು ಅಂತ ಡೇವಿ ಆ ಪೆಟ್ಟಿಗೆಯ ಸಾಮಾನಿನಲ್ಲೇ ಪರೀಕ್ಷೆ ಮಾಡಿ ಹೇಳಿದರು. ಅದೇ ಅಯೋಡಿನ್. ಫ್ರೆಂಚ್ ರಸಾಯನ ವಿಜ್ಞಾನಿ ಗೇ-ಲುಸಾಕ್ ಕೂಡ ಅದರ ಹಿಂದೆಯೇ ಬಿದ್ದಿದ್ದರು, ಹಾಗಾಗಿ ಯಾರು ಮೊದಲು ಅಂತ ಜಗಳವೂ ಆಯಿತು.

ನನಗೆ ಜಾಸ್ತಿ ಇಷ್ಟವಾಗೋದು ಅಲ್ಲಿಂದ ಇಟಲಿಗೆ ಹೋದಾಗ ಫ್ಲಾರೆನ್ಸ್‌ನಲ್ಲಿ ಮಾಡಿದ ಪ್ರಯೋಗ, ಮಾರ್ಚ್ 1814. ಆಮ್ಲಜನಕ ತುಂಬಿದ ಗಾಜಿನ ಗೋಳ, ಅದರೊಳಗೆ ವಜ್ರ. ಟಸ್ಕನಿಯ ಡ್ಯೂಕ್ ಮನೆತನದ ದೊಡ್ಡ ಮಸೂರದಿಂದ ಅದರ ಮೇಲೆ ಬಿಸಿಲು ಬಿಟ್ಟರು. ಎಷ್ಟೋ ಹೊತ್ತು ಕಾದ ಮೇಲೆ ವಜ್ರ ಕೆಂಪಗೆ ಹೊತ್ತಿಕೊಂಡಿತು, ಮಸೂರದಿಂದ ಆಚೆ ಸರಿಸಿದರೂ ಉರಿಯುತ್ತಲೇ ಇತ್ತು. ಕೊನೆಗೆ ಸಿಕ್ಕಿದ್ದು ಇದ್ದಿಲು ಉರಿದಾಗ ಬರುವ ಗಾಳಿಯೇ, ಅಂದರೆ ವಜ್ರವೂ ಇದ್ದಿಲಿನ ಹಾಗೆ ಇಂಗಾಲವೇ.

ಪ್ರಶ್ನೆ ಕೇಳಿದವರು:
ವಜ್ರವನ್ನೇ ಸುಟ್ಟುಬಿಟ್ಟರಾ! ಫ್ಯಾರಡೆಯನ್ನು ಆಳಿನ ಹಾಗೆ ನಡೆಸಿಕೊಂಡರು ಅಂತಾರಲ್ಲ, ಅದು ನಿಜವಾ?

ಉತ್ತರ 3:
ನಿಜ, ಓದಿದಾಗ ನನಗೂ ಬೇಜಾರಾಯಿತು. ಡೇವಿಯ ಸೇವಕ ಕೊನೇ ಗಳಿಗೆಯಲ್ಲಿ ಬರೋದಿಲ್ಲ ಅಂದ. ಅವನ ಕೆಲಸ ಫ್ಯಾರಡೆ ತಲೆಗೆ ಬಂತು. ಡೇವಿಯ ಹೆಂಡತಿ ಲೇಡಿ ಡೇವಿ ಫ್ಯಾರಡೆಯನ್ನು ಬಹಳ ಕೀಳಾಗಿ ಕಂಡರು. ವಾಪಸ್ ಹೊರಟುಬಿಡೋಣ ಅಂತ ಫ್ಯಾರಡೆ ಗೆಳೆಯನಿಗೆ ಪತ್ರದಲ್ಲಿ ತೋಡಿಕೊಂಡಿದ್ದಾರೆ. ಆದರೆ ಉಳಿದರು, ದಿನಚರಿ ಬರೆಯೋದನ್ನೂ ಬಿಡಲಿಲ್ಲ. ಲಂಡನ್‌ನಿಂದ ಹನ್ನೆರಡು ಮೈಲಿ ಆಚೆಗೂ ಹೋಗದಿದ್ದ ಹುಡುಗ ಇಟಲಿಯ ಜ್ವಾಲಾಮುಖಿ ವೆಸೂವಿಯಸ್ ಹತ್ತಿದ, ಮಿಲಾನ್‌ನಲ್ಲಿ ಬ್ಯಾಟರಿ ಕಂಡುಹಿಡಿದ ವೋಲ್ಟಾ ಅವರನ್ನು ಕಣ್ಣಾರೆ ಕಂಡ. ವಯಸ್ಸಾಗಿದ್ದರೂ ಗಟ್ಟಿಮುಟ್ಟಾಗಿದ್ದಾರೆ, ಗೌರವದ ಗುರುತಾದ ಕೆಂಪು ರಿಬ್ಬನ್ ಧರಿಸಿದ್ದಾರೆ ಅಂತ ದಿನಚರಿಯಲ್ಲಿ ಗುರುತು ಮಾಡಿಕೊಂಡ.