ಗೋರಟೆ, ಗೋರಂಟಿ, ಕೋರಾಂಟಿ: ಒಂದೇ ಗಿಡವೋ, ಎರಡೋ?

ಗೆಳೆಯರೇ,

ಗೋರಂಟಿ ಅಂದರೆ ನಿಮ್ಮ ಕಡೆ ಯಾವ ಗಿಡ? ಈ ಒಂದು ಪದ ಒಂದೂವರೆ ವರ್ಷದಿಂದ ತಲೆ ತಿನ್ನುತ್ತಿದೆ, ನಮ್ಮತ್ತೆಯ ಜೊತೆ ಸಣ್ಣ ಜಗಳವೂ ಆಗಿದೆ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ನೆಲಮಹಡಿಯ ಮನೆ. ಕಿಟಕಿಯಿಂದ ಕಾಂಪೌಂಡ್ ಗೋಡೆವರೆಗೆ ಆರಡಿ ಮಣ್ಣಿದೆ, ಈ ಊರಿನ ಲೆಕ್ಕದಲ್ಲಿ ಅದು ಜಮೀನೇ. ವರ್ಷವಿಡೀ ಹಸಿರಾಗಿರಬೇಕು, ಹೂವೂ ಬಿಡಬೇಕು ಅಂತ ದಾಸವಾಳ, ಕೇಪಳ, ನಂದಿಬಟ್ಟಲು ನೆಟ್ಟೆ. ಮೂಲೆಯಲ್ಲಿ ಇನ್ನೊಂದು ಗಿಡಕ್ಕೆ ಜಾಗ ಉಳಿದಿತ್ತು. ನಾನು ಶಿರಸಿ ಕಡೆಯವನು, ಅಂಗಳದ ಬದಿಗೆ ಗೋರಟೆ (ಗೋರಂಟಿ ಅಂದರೂ ನನಗೆ ಅದೇ) ಇಲ್ಲದಿದ್ದರೆ ಏನೋ ಕಮ್ಮಿ ಅನ್ನಿಸುತ್ತದೆ. ಮಳೆಗಾಲ ಮುಗಿಯುತ್ತಲೇ ನೇರಳೆ, ಗುಲಾಬಿ, ಬಿಳಿ ಹೂ ಗಿಡದ ತುಂಬ. ಪರಿಮಳ ಇಲ್ಲ, ಬೇಗ ಬಾಡುತ್ತದೆ, ಆದರೆ ಮಾಲೆ ಕಟ್ಟೋದಕ್ಕೆ ಅಷ್ಟು ಚೆನ್ನ. ಕಡ್ಡಿ ಊರಿದರೆ ಸಾಕು, ಬೇರು ಬಿಡುತ್ತದೆ, ಅರೆನೆರಳಾದರೂ ತಕರಾರಿಲ್ಲ. ಮೈಸೂರಿನಿಂದ ಹೊರಟಿದ್ದ ಅತ್ತೆಗೆ ಫೋನ್ ಮಾಡಿ, ಬರುವಾಗ ಗೋರಂಟಿಯ ಎರಡು ಕಡ್ಡಿ ತನ್ನಿ ಅಂದೆ.

"ಗೋರಂಟೀನಾ? ಹಿತ್ತಲಲ್ಲೇ ಇದೆ, ತರ್ತೀನಿ ಬಿಡಿ" ಅಂದರು. ಒದ್ದೆ ಬಟ್ಟೆಯಲ್ಲಿ ಸುತ್ತಿ, ರಾತ್ರಿಯಿಡೀ ರೈಲಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದರು, ಪಾಪ. ನೆಟ್ಟೆ, ಚಿಗುರಿತು. ಎಲೆ ತೀರಾ ಸಣ್ಣದಲ್ವಾ ಅನ್ನಿಸಿದರೂ ಇಲ್ಲಿಯ ಮಣ್ಣಿನ ಗುಣ ಇರಬೇಕು ಅಂತ ಸುಮ್ನಾದೆ. ಕೊನೆಗೆ ಹೂ ಬಿಟ್ಟಾಗ ನೋಡಿದರೆ ನುಚ್ಚಕ್ಕಿ ಚೆಲ್ಲಿದ ಹಾಗೆ ಕೆನೆಬಣ್ಣದ ಗೊಂಚಲು, ಘಮ್ ಅನ್ನುವ ವಾಸನೆ. ಮದರಂಗಿ!

ಅತ್ತೆಗೆ ಹೇಳಿದರೆ, "ನೀವು ಗೋರಂಟಿ ಅಂದ್ರಿ, ನಾನು ಗೋರಂಟಿ ತಂದೆ. ಕೈಗೆ ಹಚ್ಕೊಳ್ಳೋ ಗಿಡಕ್ಕೆ ಇನ್ನೇನಂತಾರೆ?" ಗೋರಟೆ ಹೂವಿನ ಫೋಟೋ ಕಳಿಸಿದೆ. "ಅಯ್ಯೋ, ಇದು ಸ್ಫಟಿಕದ ಹೂವು, ಇದನ್ನ ಕೇಳಿದ್ರಾ!" ಅದೇ ಫೋಟೋ ನಮ್ಮ ಸೊಸೈಟಿಯ ಗಿಡ ನೋಡಿಕೊಳ್ಳುವ ಮರಾಠಿ ಮಾಳಿಕಾಕಾಗೆ ತೋರಿಸಿದರೆ ಅವರು ಒಂದು ಕ್ಷಣವೂ ಯೋಚಿಸದೆ "ಕೋರಾಂಟಿ" ಅಂದರು. ಕೈಗೆ ಹಚ್ಚುವುದು ಅವರಿಗೆ ಮೆಂದಿ, ಅಲ್ಲಿ ಗೊಂದಲವೇ ಇಲ್ಲ. ಅಂದರೆ ಹೆಸರಿನ ವಿಷಯದಲ್ಲಿ ಶಿರಸಿಯವನಾದ ನನಗೆ ಮೈಸೂರಿನ ಅತ್ತೆಗಿಂತ ಮರಾಠಿ ಕಾಕಾನೇ ಹತ್ತಿರ!

ಗಿಡಗಳೇನೋ ದೂರದ ನೆಂಟರೂ ಅಲ್ಲ. ಗೋರಟೆ ಬಾರ್ಲೇರಿಯಾ ಜಾತಿ, ನಮ್ಮ ಅಬ್ಬಲಿಗೆಯ ಕುಟುಂಬದ್ದು (ಅತ್ತೆಗೆ ಅದು ಕನಕಾಂಬರ, ಇಲ್ಲಿ ಅಬೋಲಿ). ಮದರಂಗಿ ಲಾಸೋನಿಯಾ, ದಾಳಿಂಬೆಯ ಕುಟುಂಬ. ಲಾಸೋನ್ ಎಂಬ ಬಣ್ಣದ ಅಂಶ ಇರುವುದು ಅದರ ಎಲೆಯಲ್ಲಿ, ಗೋರಟೆ ಎಲೆ ಎಷ್ಟು ಅರೆದು ಹಚ್ಚಿದರೂ ಕೈ ಕೆಂಪಾಗದು. ಅಬ್ಬಲಿಗೆಯ ವಿಷಯದಲ್ಲಿ ಹೆಸರು ಮೂರಾದರೂ ಗಿಡ ಒಂದೇ, ಹಾಗಾಗಿ ಯಾರೂ ಮೋಸಹೋಗುವುದಿಲ್ಲ. ಇಲ್ಲಿ ಒಂದೇ ಹೆಸರು ಎರಡು ಗಿಡದ ಮೇಲೆ ಕೂತಿದೆ, ತೊಂದರೆ ಇರುವುದೇ ಅಲ್ಲಿ.

ಈಗ ನನ್ನ ಊಹೆ, ತಪ್ಪಿದ್ದರೆ ತಿದ್ದಿ. ಹಳೆಯ ಸಂಸ್ಕೃತ ನಿಘಂಟು ಅಮರಕೋಶದಲ್ಲಿ, ಗಿಡಮರಗಳ ಹೆಸರು ಹೇಳುವ ವನೌಷಧಿ ವರ್ಗದಲ್ಲಿ, ಗೋರಟೆ ಜಾತಿಯ ಕೆಂಪು ಹೂವಿನದು ಕುರಬಕ, ಹಳದಿಯದು ಕುರಂಟಕ. ಮರಾಠಿಯ ಕೋರಾಂಟಿ ನೇರ ಅಲ್ಲಿಂದ ಬಂದ ಹಾಗಿದೆ, ಮೊದಲ ಕಕಾರ ಹಾಗೇ ಉಳಿದಿದೆ. ನಮ್ಮಲ್ಲೂ ತೆಲುಗಿನಲ್ಲೂ ಅದು ಗಕಾರ. ಹಳದಿ ಹೂವಿನ, ಮುಳ್ಳಿರುವ ಜಾತಿಗೆ ನಾವು ಮುಳ್ಳುಗೋರಂಟೆ ಅಂದರೆ ತೆಲುಗಿನವರು ಮುಳ್ಳಗೋರಿಂಟ ಅನ್ನುತ್ತಾರೆ, ಕೈಗೆ ಹಚ್ಚುವುದಕ್ಕೂ ಅವರಲ್ಲಿ ಗೋರಿಂಟಾಕು. ಆಕು ಅಂದರೆ ಎಲೆ. ಗೋರು ಅಂದರೆ ಉಗುರು! ನನಗೆ ಕಿವಿ ನಿಮಿರಿದ್ದು ಇಲ್ಲೇ. ಮೊದಲು ಹೂವಿಗಿದ್ದ ಹೆಸರಿನಲ್ಲಿ ತೆಲುಗಿನವರ ಕಿವಿಗೆ ಉಗುರು ಕೇಳಿಸಿ, ಉಗುರಿಗೆ ಬಣ್ಣ ಕೊಡುವ ಗಿಡಕ್ಕೂ ಅದೇ ಅಂಟಿಕೊಂಡು, ಅಲ್ಲಿಂದ ಮೈಸೂರಿನ ಹಿತ್ತಲಿಗೆ ಬಂದಿರಬಹುದೇ? ಅಥವಾ ಇವು ಮೊದಲಿಂದಲೂ ಬೇರೆಬೇರೆ ಎರಡು ಪದಗಳಾಗಿದ್ದು, ಬಾಯಿಂದ ಬಾಯಿಗೆ ಬರುತ್ತ ಒಂದೇ ಥರ ಆದವೋ? ಹಳೆಗನ್ನಡ ಓದಿದವರು ಇಲ್ಲಿ ಜಾಸ್ತಿ ಇದ್ದೀರಿ, ಕಾವ್ಯದಲ್ಲಿ ಈ ಹೂ ಯಾವ ರೂಪದಲ್ಲಿ ಬರುತ್ತದೆ ಅಂತ ತಿಳಿಸಿ. ಬಳ್ಳಾರಿ, ರಾಯಚೂರು, ಕೋಲಾರದವರು ದಯವಿಟ್ಟು ಬಾಯಿ ಬಿಡಿ, ತೆಲುಗಿಗೆ ತಾಗಿದ ಊರುಗಳಲ್ಲಿ ಗೋರಂಟಿ ಅಂದರೆ ಎಲೆಯೋ, ಹೂವೋ?

ಇನ್ನೊಂದು ಚಿಕ್ಕ ಪ್ರಶ್ನೆ, ಇದೇ ನೆಪದಲ್ಲಿ. ಇಂಥ ಮೊಣಕಾಲಿಂದ ಎದೆಮಟ್ಟದವರೆಗಿನ ಗಿಡಗಳಿಗೆ ಮರಾಠಿಯಲ್ಲಿ ಝುಡೂಪ್ ಎಂಬ ಚಂದದ ಪದ ಇದೆ. ನಮ್ಮಲ್ಲಿ ಪೊದೆ ಅಂದರೆ ನನಗಂತೂ ಮೊದಲು ಹಾವು ನೆನಪಾಗುತ್ತದೆ. ವರ್ಷವಿಡೀ ಹಸಿರಾಗಿರುವುದಕ್ಕೆ ನಿತ್ಯಹರಿದ್ವರ್ಣ ಅನ್ನೋದು ಪಶ್ಚಿಮಘಟ್ಟದ ಕಾಡಿಗೆ ಸರಿ, ಆರಡಿ ಮಣ್ಣಿಗೆ ಅದು ಭಾರ. ನಿಮ್ಮ ಮನೆಗಳಲ್ಲಿ ಬರೀ ಗಿಡ ಅಂತಲೇ ಅನ್ನುತ್ತೀರಾ, ಬೇರೆ ಏನಾದರೂ ಪದ ಇದೆಯಾ?

ಮದರಂಗಿ ಕೀಳಲಿಲ್ಲ. ಕಾಕಾ ಕೊಟ್ಟ ಕೋರಾಂಟಿ ಕಡ್ಡಿಯನ್ನು ಪಕ್ಕದಲ್ಲೇ ಊರಿದ್ದೇನೆ, ಅತ್ತೆ ದೀಪಾವಳಿಗೆ ಬರುತ್ತಾರೆ, ಅಷ್ಟರೊಳಗೆ ಉತ್ತರ ಸಿಕ್ಕರೆ ಒಳ್ಳೆಯದು.