ಪ್ರಾಸ್ಟೇಟ್ 48 ಗ್ರಾಂ, ‘ಗ್ರೇಡ್ 2’ ಎಂದು ವರದಿ ಬಂದಿದೆ: ಆಪರೇಷನ್ ಬೇಕೇ?

ಪ್ರಶ್ನೆ: ವೈದ್ಯರಿಗೆ ನಮಸ್ಕಾರ. ನಾನು ಹಾಸನ ಜಿಲ್ಲೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 64. ಒಂದು ವರ್ಷದಿಂದ ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಿದ್ದೇನೆ. ಧಾರೆ ಮೊದಲಿಗಿಂತ ಸಣ್ಣದಾಗಿದೆ, ಶುರುವಾಗಲು ಕೊಂಚ ಹೊತ್ತು ಹಿಡಿಯುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ ‘ಪ್ರಾಸ್ಟೇಟ್ 48 ಗ್ರಾಂ, ಗ್ರೇಡ್ 2 ಪ್ರಾಸ್ಟೇಟೊಮೆಗಾಲಿ, ಮೂತ್ರ ಮಾಡಿದ ಮೇಲೆ ಉಳಿಕೆ 40 ಎಂಎಲ್’ ಎಂದಿದೆ. ಪಿಎಸ್‌ಎ (ಪ್ರಾಸ್ಟೇಟ್‌ಗಾಗಿ ಮಾಡುವ ರಕ್ತಪರೀಕ್ಷೆ) 3.1. ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತೇನೆ, ಸಕ್ಕರೆ ಕಾಯಿಲೆ ಇಲ್ಲ. ಮೂತ್ರ ಸರಾಗವಾಗಿ ಹೋಗಲೆಂದು ಟ್ಯಾಮ್ಸುಲೋಸಿನ್ ಮಾತ್ರೆ ಬರೆದುಕೊಟ್ಟಿದ್ದಾರೆ, ಇನ್ನೂ ಶುರು ಮಾಡಿಲ್ಲ. ನೆಂಟರೊಬ್ಬರು ‘ಗ್ರೇಡ್ 2 ಅಂದರೆ ಆಪರೇಷನ್ನೇ, ಹಾಗೇ ಬಿಟ್ಟರೆ ಕ್ಯಾನ್ಸರಿಗೆ ತಿರುಗುತ್ತದೆ’ ಎಂದು ಹೆದರಿಸಿದ್ದಾರೆ. ನಿಜವೇ?

ಉತ್ತರ: ಮೇಷ್ಟ್ರೇ, ಆ ಎರಡು ಮಾತುಗಳಲ್ಲಿ ಒಂದೂ ಸರಿಯಲ್ಲ. ಕ್ಯಾನ್ಸರ್ ವರದಿಗಳಲ್ಲಿ ಬರುವ ಗ್ರೇಡ್ ರೋಗದ ಉಗ್ರತೆಯನ್ನು ಹೇಳುತ್ತದೆ. ಪ್ರಾಸ್ಟೇಟೊಮೆಗಾಲಿ ಎಂದರೆ ಪ್ರಾಸ್ಟೇಟ್ ದಪ್ಪವಾಗಿರುವುದು, ನಿಮ್ಮ ಸ್ಕ್ಯಾನಿಂಗ್ ವರದಿಯ ಗ್ರೇಡ್ ಗ್ರಂಥಿಯ ಗಾತ್ರವನ್ನಷ್ಟೇ ಹೇಳುತ್ತದೆ. ಎರಡಕ್ಕೂ ಒಂದೇ ಪದವಿರುವುದರಿಂದ ಎಷ್ಟೋ ಮನೆಗಳಲ್ಲಿ ವರದಿ ಓದಿದ ರಾತ್ರಿ ಯಾರಿಗೂ ನಿದ್ರೆ ಬರುವುದಿಲ್ಲ.

ಪ್ರಾಸ್ಟೇಟ್ ಗ್ರಂಥಿಯು ಮೂತ್ರಕೋಶದ ಬಾಯಿಯ ಕೆಳಗಿದ್ದು, ಮೂತ್ರನಾಳವು ಅದರ ನಡುವಿನಿಂದಲೇ ಹಾದುಹೋಗುತ್ತದೆ. ಯೌವನದಲ್ಲಿ ಸುಮಾರು 20 ಗ್ರಾಂ ಇರುವ ಈ ಗ್ರಂಥಿ 40 ದಾಟಿದ ಮೇಲೆ ನಿಧಾನವಾಗಿ ಬೆಳೆಯತೊಡಗುತ್ತದೆ. ಆದರೆ ತೊಂದರೆಯನ್ನು ನಿರ್ಧರಿಸುವುದು ತೂಕವಲ್ಲ. 30 ಗ್ರಾಂ ಗ್ರಂಥಿ ಒಳಮುಖವಾಗಿ ಉಬ್ಬಿ ನಾಳವನ್ನು ಅಮುಕಿ ಮೂತ್ರ ಕಟ್ಟಿಸಬಹುದು. 90 ಗ್ರಾಂ ಗ್ರಂಥಿ ಹೊರಮುಖವಾಗಿ ಬೆಳೆದು ಯಾವ ತಕರಾರೂ ಇಲ್ಲದೆ ಇದ್ದುಬಿಡಬಹುದು. ಆದ್ದರಿಂದ ನಿಮ್ಮ ವರದಿಯಲ್ಲಿ ನಾನು ಮೊದಲು ನೋಡುವುದು 48 ಅನ್ನಲ್ಲ, 40 ಅನ್ನು. ಮೂತ್ರ ಮಾಡಿದ ಮೇಲೆ 40 ಎಂಎಲ್ ಮಾತ್ರ ಉಳಿದಿದೆ ಎಂದರೆ ನಿಮ್ಮ ಮೂತ್ರಕೋಶ ಚೆನ್ನಾಗಿಯೇ ಖಾಲಿಯಾಗುತ್ತಿದೆ ಎಂದರ್ಥ.

ವಯೋಸಹಜವಾದ ಈ ಊತ ಕ್ಯಾನ್ಸರಾಗಿ ಬದಲಾಗುವುದಿಲ್ಲ. ಊತ ಹುಟ್ಟುವುದು ನಾಳವನ್ನು ಸುತ್ತುವರಿದ ಒಳಭಾಗದಲ್ಲಿ, ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹೊರಭಾಗದಲ್ಲಿ. ಆದರೂ ಎರಡೂ ಒಂದೇ ಗ್ರಂಥಿಯಲ್ಲಿ ಇರುವ ಸಾಧ್ಯತೆ ಇರುವುದರಿಂದ ಪಿಎಸ್‌ಎ ಜೊತೆಗೆ ಗುದದ್ವಾರದ ಮೂಲಕ ಬೆರಳಿನಿಂದ ಮಾಡುವ ಪರೀಕ್ಷೆಯೂ ಅಗತ್ಯ. ಒಂದು ನಿಮಿಷವೂ ಹಿಡಿಯದ ಈ ಪರೀಕ್ಷೆಯನ್ನು ಸಂಕೋಚದಿಂದ ರೋಗಿಗಳು ಬೇಡವೆನ್ನುತ್ತಾರೆ, ಸಮಯವಿಲ್ಲವೆಂದು ನಮ್ಮವರೂ ಕೆಲವೊಮ್ಮೆ ಬಿಟ್ಟುಬಿಡುತ್ತಾರೆ. ನೀವು ಕೇಳಿ ಮಾಡಿಸಿಕೊಳ್ಳಿ.

ಮಾತ್ರೆ ಶುರು ಮಾಡುವ ಮೊದಲು ಒಂದು ಕೆಲಸ ಮಾಡಿ. ಅಳತೆ ಗುರುತಿರುವ ಪ್ಲಾಸ್ಟಿಕ್ ಜಗ್ ಒಂದನ್ನು ಬಚ್ಚಲಿನಲ್ಲಿಟ್ಟು, ಮೂರು ದಿನ ಹಗಲೂ ರಾತ್ರಿ ಪ್ರತಿ ಸಲದ ಮೂತ್ರದ ಪ್ರಮಾಣವನ್ನೂ ವೇಳೆಯನ್ನೂ ಬರೆದಿಡಿ. ಕುಡಿದದ್ದನ್ನೂ ಬರೆಯಿರಿ, ಕಾಫಿಯಷ್ಟೇ ಅಲ್ಲ, ಸಾರು ಮತ್ತು ಮಜ್ಜಿಗೆಯೂ ಲೆಕ್ಕಕ್ಕೆ ಬರುತ್ತವೆ.

ಪ್ರಶ್ನೆ: ಡಾಕ್ಟರೇ, ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ತಂದೆಗೆ 71. ನೆಗಡಿಗೆಂದು ಅಂಗಡಿಯಿಂದ ಮಾತ್ರೆ ತಂದು ಎರಡು ದಿನ ನುಂಗಿದರು. ಮೂರನೆಯ ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡಿತು. ಆಸ್ಪತ್ರೆಯಲ್ಲಿ ಪೈಪ್ ಹಾಕಿದಾಗ 900 ಎಂಎಲ್ ಬಂತು. ಇನ್ನು ಜೀವನಪೂರ್ತಿ ಪೈಪ್ ಬೇಕಾಗುತ್ತದೆಯೇ?

ಉತ್ತರ: ಬೇಕಾಗುತ್ತದೆಂದು ಈಗಲೇ ಭಾವಿಸಬೇಡಿ. ನೆಗಡಿಯ ಬಹಳಷ್ಟು ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಮತ್ತು ಕ್ಲೋರ್ಫೆನಿರಮಿನ್ ಎಂಬ ಎರಡು ಔಷಧಿಗಳು ಒಟ್ಟಿಗೆ ಇರುತ್ತವೆ. ಮೊದಲನೆಯದು ಮೂತ್ರಕೋಶದ ಕತ್ತಿನ ಸ್ನಾಯುವನ್ನು ಬಿಗಿಗೊಳಿಸುತ್ತದೆ, ಎರಡನೆಯದು ಮೂತ್ರವನ್ನು ಹೊರದೂಡುವ ಸ್ನಾಯುವನ್ನು ಸೋಲಿಸುತ್ತದೆ. ಅಂದರೆ ಬಾಗಿಲಿಗೆ ಚಿಲಕ ಹಾಕಿ, ದೂಡುವವನ ಕೈಯನ್ನೂ ಕಟ್ಟಿದಂತೆ. ಪ್ರಾಸ್ಟೇಟ್ ಆಗಲೇ ದಪ್ಪವಾಗಿದ್ದವರಿಗೆ ಇಷ್ಟು ಸಾಕು. ಮಲಬದ್ಧತೆ ಮತ್ತು ಮದ್ಯಪಾನ ಕೂಡ ಇದೇ ರೀತಿ ಮೂತ್ರ ಕಟ್ಟಿಸುವುದುಂಟು.

ಸಾಮಾನ್ಯವಾಗಿ ಮೂತ್ರಕೋಶದ ಕತ್ತಿನ ಸ್ನಾಯುವನ್ನು ಸಡಿಲಗೊಳಿಸುವ ಟ್ಯಾಮ್ಸುಲೋಸಿನ್ ಅಥವಾ ಅಲ್ಫುಜೋಸಿನ್ ಶುರು ಮಾಡಿ, ಎರಡು ಮೂರು ದಿನಗಳ ನಂತರ ಪೈಪ್ ತೆಗೆದು ನೋಡುತ್ತೇವೆ. ಕಾರಣ ಇಂಥ ಮಾತ್ರೆಯೇ ಆಗಿದ್ದರೆ ಅನೇಕರು ತಾವಾಗಿ ಮೂತ್ರ ಮಾಡುತ್ತಾರೆ. ಮತ್ತೆ ಮತ್ತೆ ಕಟ್ಟಿಕೊಂಡರೆ, ಮೂತ್ರಪಿಂಡಗಳು ಊದಿಕೊಂಡರೆ, ಮೂತ್ರಕೋಶದಲ್ಲಿ ಕಲ್ಲಾದರೆ, ಸೋಂಕು ಅಥವಾ ರಕ್ತಸ್ರಾವ ಮರುಕಳಿಸಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅದೂ ಈಗ ಬಹುಪಾಲು ಹೊಟ್ಟೆ ಕೊಯ್ಯದೆ, ಮೂತ್ರನಾಳದ ಮೂಲಕವೇ ವಿದ್ಯುತ್ ಕುಣಿಕೆಯಿಂದಲೋ ಲೇಸರ್‌ನಿಂದಲೋ ನಡೆಯುತ್ತದೆ. ಪಿಎಸ್‌ಎ ಪರೀಕ್ಷೆಯನ್ನು ಮಾತ್ರ ಈಗ ಮಾಡಿಸಬೇಡಿ. ಮೂತ್ರ ಕಟ್ಟಿದಾಗ, ಪೈಪ್ ಹಾಕಿದಾಗ, ಸೋಂಕಾದಾಗ ಅದು ಸುಮ್ಮನೆ ಏರಿರುತ್ತದೆ. ಆರೆಂಟು ವಾರ ಕಾಯಿರಿ.

ಪ್ರಶ್ನೆ: ನಾನು 38 ವರ್ಷದ ಮಹಿಳೆ. ವರ್ಷಕ್ಕೆ ಮೂರ್ನಾಲ್ಕು ಸಲ ಉರಿಮೂತ್ರ ಬರುತ್ತದೆ. ಅತ್ತೆಯವರು ಉಷ್ಣವೆಂದು ಬಾರ್ಲಿ ನೀರು, ಎಳನೀರು ಕೊಡುತ್ತಾರೆ. ಸಾಲದಿದ್ದರೆ ಹಳೆಯ ಚೀಟಿಯ ಆ್ಯಂಟಿಬಯೋಟಿಕ್ ತರಿಸುತ್ತೇನೆ.

ಉತ್ತರ: ಬಾರ್ಲಿ ನೀರಿನಿಂದ ಹಾನಿಯಿಲ್ಲ, ನೀರು ಹೆಚ್ಚು ಕುಡಿದಂತಾಗುತ್ತದೆ. ಆದರೆ ಇದು ಉಷ್ಣವಲ್ಲ. ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡವಾಗಿರುವುದರಿಂದ ಕರುಳಿನ ಬ್ಯಾಕ್ಟೀರಿಯಾ, ಹೆಚ್ಚಾಗಿ ಇ. ಕೋಲಿ, ಸುಲಭವಾಗಿ ಒಳಸೇರುತ್ತದೆ. ಹಳೆಯ ಚೀಟಿಯ ಅಭ್ಯಾಸವನ್ನು ದಯವಿಟ್ಟು ಬಿಡಿ. ಮುಂದಿನ ಸಲ ಔಷಧಿಯ ಮೊದಲ ಗುಳಿಗೆ ನುಂಗುವುದಕ್ಕೆ ಮುಂಚೆಯೇ ನಡುಧಾರೆಯ ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕೊಡಿ, ಯಾವ ಔಷಧಿಗೆ ಆ ಬ್ಯಾಕ್ಟೀರಿಯಾ ಬಗ್ಗುತ್ತದೆಂದು ತಿಳಿಯುತ್ತದೆ. ಚಳಿಜ್ವರ ಅಥವಾ ಪಕ್ಕೆನೋವು ಇದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ನನಗೆ 57, ಬೀಡಿ ಸೇದುವ ಅಭ್ಯಾಸವಿದೆ. ಹದಿನೈದು ದಿನಗಳ ಹಿಂದೆ ಒಂದೇ ಸಲ ಮೂತ್ರ ಕೆಂಪಾಗಿ ಹೋಯಿತು. ನೋವಿಲ್ಲ, ಆಮೇಲೆ ತಾನಾಗಿಯೇ ನಿಂತಿದೆ. ಬಿಡಬಹುದೇ?

ಉತ್ತರ: ಬಿಡಬೇಡಿ, ಈ ವಾರವೇ ಯೂರಾಲಜಿಸ್ಟರನ್ನು ಕಾಣಿ. ನೋವಿಲ್ಲದೆ ಹೋಗುವ ರಕ್ತವೇ ನಮಗೆ ಹೆಚ್ಚು ಚಿಂತೆಯ ವಿಷಯ, ಏಕೆಂದರೆ ಮೂತ್ರಕೋಶದ ಕ್ಯಾನ್ಸರ್ ಎಷ್ಟೋ ಸಲ ಹೀಗೆಯೇ ಒಮ್ಮೆ ಕಾಣಿಸಿಕೊಂಡು ತಿಂಗಳುಗಟ್ಟಲೆ ಮರೆಯಾಗುತ್ತದೆ. ಧೂಮಪಾನವೇ ಅದರ ಬಹು ಮುಖ್ಯ ಕಾರಣ. ಸ್ಕ್ಯಾನ್ ಜೊತೆಗೆ ಮೂತ್ರಕೋಶದೊಳಗೆ ದುರ್ಬೀನು ಹಾಕಿ ನೋಡಬೇಕಾಗುತ್ತದೆ. ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದೆ ಎಂಬ ಸಮಾಧಾನವನ್ನು ಪರೀಕ್ಷೆಯಾದ ಮೇಲೆ ಹೇಳಿಕೊಳ್ಳೋಣ.

ಮೊದಲ ಪ್ರಶ್ನೆ ಕೇಳಿದ ಮೇಷ್ಟ್ರು, ಐದು ದಿನಗಳ ನಂತರ: ಡಾಕ್ಟರೇ, ಬರೆದಿಟ್ಟಿದ್ದೇನೆ. ಮೂರು ದಿನವೂ ಹೆಚ್ಚುಕಡಿಮೆ ಒಂದೇ ಲೆಕ್ಕ. ದಿನಕ್ಕೆ ಒಟ್ಟು 2150 ಎಂಎಲ್. ಮಲಗಿದ ಮೇಲೆ ಮೂರು ಸಲ 250, 220, 240. ಬೆಳಿಗ್ಗೆ ಎದ್ದ ಕೂಡಲೇ 290. ಸಂಜೆಯ ಹೊತ್ತಿಗೆ ಪಾದ ಊದಿ ಕಾಲುಚೀಲದ ಗುರುತು ಬೀಳುತ್ತದೆ.

ಉತ್ತರ: ಇಷ್ಟು ಚೊಕ್ಕವಾದ ಲೆಕ್ಕ ನನಗೆ ಅಪರೂಪಕ್ಕೆ ಸಿಗುತ್ತದೆ. ರಾತ್ರಿಯ ಮೂರು ಸಲದ್ದನ್ನೂ ಬೆಳಗಿನ ಮೊದಲಿನದನ್ನೂ ಕೂಡಿಸಿದರೆ 1000 ಎಂಎಲ್, ಅಂದರೆ ದಿನದ ಒಟ್ಟು ಮೂತ್ರದ ಶೇ. 47ರಷ್ಟು. ನಿಮ್ಮ ವಯಸ್ಸಿನಲ್ಲಿ ಇದು ಮೂರನೇ ಒಂದು ಭಾಗವನ್ನು ಮೀರಬಾರದು. ಪ್ರಾಸ್ಟೇಟ್‌ನಿಂದ ಮೂತ್ರಕೋಶ ಕೆರಳಿ ನಿಮ್ಮನ್ನು ಎಬ್ಬಿಸುತ್ತಿದ್ದರೆ ಪ್ರತಿ ಸಲವೂ 80, 100 ಎಂಎಲ್ ಬರುತ್ತಿತ್ತು. ನಿಮಗೆ ಪ್ರತಿ ಸಲವೂ 200ಕ್ಕಿಂತ ಹೆಚ್ಚು ಬರುತ್ತಿರುವುದರಿಂದ, ನೀವು ಏಳುತ್ತಿರುವುದು ಮುಖ್ಯವಾಗಿ ರಾತ್ರಿ ಮೂತ್ರವೇ ಹೆಚ್ಚು ತಯಾರಾಗುತ್ತಿರುವ ಕಾರಣಕ್ಕೆ. ಹಗಲಿನಲ್ಲಿ ಕಾಲಿನಲ್ಲಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರಪಿಂಡ ಸೇರುತ್ತದೆ. ಅಮ್ಲೋಡಿಪಿನ್ ಕಾಲು ಊದಿಸುವುದು ತಿಳಿದ ವಿಷಯ. ಅದನ್ನು ನೀವಾಗಿ ನಿಲ್ಲಿಸಬೇಡಿ. ಈ ಚೀಟಿ ತೋರಿಸಿ, ಬೇರೆ ಮಾತ್ರೆ ಆಗುತ್ತದೆಯೇ ಎಂದು ನಿಮ್ಮ ಬಿಪಿ ವೈದ್ಯರನ್ನು ಕೇಳಿ, ಹೃದಯ ಮತ್ತು ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸಿ. ಮಧ್ಯಾಹ್ನ ಒಂದು ಗಂಟೆ ಕಾಲು ಎತ್ತರಿಸಿ ಮಲಗಿ, ಉಪ್ಪಿನಕಾಯಿ ಹಪ್ಪಳ ಕಡಿಮೆ ಮಾಡಿ, ಸಂಜೆ ಆರರ ನಂತರ ಕಾಫಿ ಬಿಡಿ. ಜೋರಾಗಿ ಗೊರಕೆ ಹೊಡೆಯುತ್ತೀರೆಂದು ಮನೆಯವರು ಹೇಳಿದರೆ ಅದನ್ನೂ ತಿಳಿಸಿ, ನಿದ್ರೆಯಲ್ಲಿ ಉಸಿರು ಕಟ್ಟುವವರಿಗೂ ರಾತ್ರಿ ಮೂತ್ರ ಹೆಚ್ಚಾಗುತ್ತದೆ.

ಮೇಷ್ಟ್ರು: ಹಾಗಾದರೆ ಟ್ಯಾಮ್ಸುಲೋಸಿನ್ ಬೇಡವೇ? ಮುಂದಿನ ತಿಂಗಳು ಬಲಗಣ್ಣಿನ ಪೊರೆಯ ಆಪರೇಷನ್ ಇದೆ, ಆ ಮಾತ್ರೆಗಳನ್ನೂ ನುಂಗಬೇಕು.

ಉತ್ತರ: ಇದನ್ನು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಟ್ಯಾಮ್ಸುಲೋಸಿನ್ ಕಣ್ಣಿನ ಪಾಪೆಯ ಸುತ್ತಲಿನ ಸ್ನಾಯುವನ್ನೂ ಸಡಿಲಗೊಳಿಸುವುದರಿಂದ ಪೊರೆಯ ಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆ, ಕೆಲವು ದಿನ ಮುಂಚೆ ನಿಲ್ಲಿಸಿದರೂ ಆ ಪರಿಣಾಮ ಪೂರ್ತಿ ಹೋಗುವುದಿಲ್ಲ. ನಿಮಗೆ ಅವಸರವೇನೂ ಇಲ್ಲ. ಕಣ್ಣಿನ ಕೆಲಸ ಮುಗಿಯಲಿ. ಆಮೇಲೂ ಧಾರೆಯ ತೊಂದರೆ ಬಾಧಿಸುತ್ತಿದ್ದರೆ ಶುರು ಮಾಡೋಣ. ಆಗ ರಾತ್ರಿ ಊಟದ ನಂತರ ತೆಗೆದುಕೊಳ್ಳಿ, ಮೊದಲ ಕೆಲವು ದಿನ ತಲೆ ಸುತ್ತಬಹುದು, ಹಾಸಿಗೆಯಿಂದ ನಿಧಾನವಾಗಿ ಏಳಿ. ಅಲ್ಲಿಯವರೆಗೆ ನೆಗಡಿಯಾದರೆ ಅಂಗಡಿಯ ಮಾತ್ರೆ ಬೇಡ, ಹಬೆ ತೆಗೆದುಕೊಳ್ಳಿ.